ಎಲೆಕ್ಷನ್‌ಗೆ ಮುಂಚೆ ಸ್ವತಂತ್ರವಾಗಿ ಯಾರು ಕಣ್ಣಿಡ್ತಾರೆ?

ಹಾಸನದ_ಹುಡ್ಗ: ಲೋಕಸಭೆ ಎಲೆಕ್ಷನ್‌ಗೆ ಆಯೋಗದ ಅಬ್ಸರ್ವರ್‌ಗಳು ಬರ್ತಾರೆ ಸರಿ, ಆದ್ರೆ ಸರ್ಕಾರಕ್ಕೂ ಪಾರ್ಟಿಗಳಿಗೂ ಸಂಬಂಧ ಇಲ್ದೇ ಇರೋರು ಯಾರಾದ್ರೂ ಮೊದಲೇ ಎಲ್ಲಾ ಚೆಕ್ ಮಾಡ್ತಾರಾ?

ಸುಮಾ_ಬೆಂಗ್ಳೂರು: ಇದಾರೆ ಕಣ್ರೀ, ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಅಂತ ಒಂದು ಸಂಸ್ಥೆ, 1999ರಲ್ಲಿ ಅಹಮದಾಬಾದ್ ಐಐಎಂ ಪ್ರೊಫೆಸರ್‌ಗಳು ಶುರು ಮಾಡಿದ್ದು. ಕ್ಯಾಂಡಿಡೇಟ್‌ಗಳು ತಮ್ಮ ಮೇಲಿರೋ ಕೇಸು, ಆಸ್ತಿ, ಸಾಲ ಎಲ್ಲಾ ಅಫಿಡವಿಟ್ಟಲ್ಲಿ ಹೇಳ್ಬೇಕು ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು ಅವರು ಹಾಕಿದ್ದ ಕೇಸಿಂದಾನೇ, ಈಗ ಆ ಅಫಿಡವಿಟ್‌ಗಳನ್ನ ಓದಿ ವೋಟಿಂಗ್‌ಗೆ ಮುಂಚೇನೇ ರಿಪೋರ್ಟ್ ಬಿಡ್ತಾರೆ. ಹೆಸರು ಹೊರಗೆ ಬರ್ದಂಗೆ ಪಾರ್ಟಿಗಳಿಗೆ ದುಡ್ಡು ಕೊಡೋ ಚುನಾವಣಾ ಬಾಂಡ್ ಸ್ಕೀಮ್ 2024ರ ಫೆಬ್ರವರಿಯಲ್ಲಿ ರದ್ದಾಯ್ತಲ್ಲ, ಆ ಕೇಸಲ್ಲೂ ಅವರು ಒಬ್ಬ ಅರ್ಜಿದಾರರು.

ಮಲ್ನಾಡ್_ಮಗ: ವೋಟರ್ ಲಿಸ್ಟ್ ಕೂಡ ನೋಡ್ಬೇಕು ಗುರೂ. ನಮ್ಮಜ್ಜಿ ಹೆಸರೇ ಬಿಟ್ಟೋಗಿತ್ತು, ಕರಡು ಪಟ್ಟಿ ನೋಡಿದ್ದಕ್ಕೆ ಗೊತ್ತಾಯ್ತು, ಹೆಸರು ಸೇರಿಸೋ ಫಾರ್ಮ್ 6 ತುಂಬಿ ಹೆಬ್ಬೆಟ್ಟು ಒತ್ತಿಸಿ ಕೊಟ್ವಿ.

ಹಾಸನದ_ಹುಡ್ಗ: ಥ್ಯಾಂಕ್ಸ್, ನಮ್ಮ ಬೂತ್ ಲಿಸ್ಟ್ ಇವತ್ತೇ ತೆಗೆದು ನೋಡ್ತೀನಿ.