ಓಸ್ಟೆರೊಯ್ ದ್ವೀಪದ ಕಡಿದಾದ ಬೆಟ್ಟಕ್ಕೆ ಒಬ್ಬಳೇ ಹೋಗಿ ಬರಬಹುದಾ?

ಬರ್ಗನ್_ಮಳೆ:

ನಮಸ್ಕಾರ ಎಲ್ಲರಿಗೂ. ನಾರ್ವೆಯ ಬರ್ಗನ್‌ಗೆ ಬಂದು ಎರಡು ವರ್ಷ ಆಯ್ತು. ಊರ ಸುತ್ತಲಿನ ಏಳೂ ಬೆಟ್ಟ ಹತ್ತಿ ಮುಗಿಸಿದ್ದೇನೆ. ಎಲ್ಲಕ್ಕಿಂತ ಎತ್ತರದ ಉಲ್ರಿಕನ್ 643 ಮೀಟರ್. ಆದರೆ ಅಲ್ಲಿ ನೇಪಾಳದ ಶೆರ್ಪಾಗಳು ಕಟ್ಟಿಕೊಟ್ಟ ಕಲ್ಲಿನ ಮೆಟ್ಟಿಲುಗಳಿವೆ, ಭಾನುವಾರ ಬಂತು ಅಂದರೆ ಜಾತ್ರೆ ಥರ ಜನ. ಈಗ ಯಾರೂ ಇಲ್ಲದ ಕಡೆ ಒಂದು ದಿನ ಇದ್ದು ಬರಬೇಕು ಅಂತ ತುಂಬಾ ಆಸೆ.

ಪಕ್ಕದ ಓಸ್ಟೆರೊಯ್ ದ್ವೀಪದಲ್ಲಿ ಒಂದು ಬೆಟ್ಟ ನೋಡಿಟ್ಟಿದ್ದೇನೆ. ಎತ್ತರ 600 ಮೀಟರ್ ಚಿಲ್ಲರೆ ಅಷ್ಟೇ, ಆದರೆ ಹತ್ತುವುದು ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರದ ಕವಲು) ದಡದಿಂದ, ಅಂದರೆ ಸಮುದ್ರಮಟ್ಟದಿಂದಲೇ. ನಕ್ಷೆಯಲ್ಲಿ ಚುಕ್ಕೆ ಗೆರೆಯ ದಾರಿ ಅರ್ಧಕ್ಕೇ ನಿಂತುಬಿಡುತ್ತದೆ. ಟ್ರೆಕಿಂಗ್ ಸಂಘದವರು ಬಳಿಯುವ ಕೆಂಪು ಟಿ ಗುರುತೂ ಅಲ್ಲಿಲ್ಲ. ಬೆಟ್ಟದ ಬುಡದಲ್ಲೇ ಬೆಳೆದ ಸಹೋದ್ಯೋಗಿಯನ್ನು ಕೇಳಿದರೆ, ಚಿಕ್ಕವನಿದ್ದಾಗ ಅಪ್ಪನ ಜೊತೆ ಒಮ್ಮೆ ಹೋಗಿದ್ದೆ ಅಂದ. ನಾನು ಕುಮಾರ ಪರ್ವತ ಎರಡು ಸಲ ಹತ್ತಿದ್ದೇನೆ, ಎರಡೂ ಸಲ ಗುಂಪಿನಲ್ಲಿ. ಆಗಸ್ಟ್ ಕೊನೇ ಶನಿವಾರ ಹೋಗೋಣ ಅಂತಿದ್ದೇನೆ. ಒಬ್ಬಳೇ ಹೋಗುವಾಗ ಏನೇನು ನೋಡಿಕೊಳ್ಳಬೇಕು?

ಒದ್ದೆಬಂಡೆ:

ಖಂಡಿತ ಹೋಗಿ. ಆದರೆ ಹತ್ತುವುದರ ಬಗ್ಗೆ ಜಾಸ್ತಿ ಯೋಚನೆ ಬೇಡ, ಇಳಿಯುವುದರ ಬಗ್ಗೆ ಈಗಲೇ ಯೋಚಿಸಿ. ಹತ್ತುವಾಗ ಬಂಡೆ ಕಣ್ಣ ಮುಂದೆಯೇ ಇರುತ್ತದೆ, ಇಳಿಯುವಾಗ ಮುಂದಿನ ಹೆಜ್ಜೆಯ ಆಚೆ ಏನಿದೆ ಅಂತ ಕಾಣುವುದೇ ಇಲ್ಲ.

ನಾನು ಹಾರ್ಡಾಂಗರ್ ಕಡೆ ಇಂಥದ್ದೇ ಬೆಟ್ಟಕ್ಕೆ ಒಬ್ಬನೇ ಹೋಗಿದ್ದೆ. ಇಳಿಯುವಾಗ ಒಂದು ಕಾಲುದಾರಿ ಸಿಕ್ಕಿತು, ನಾನು ಹತ್ತಿ ಬಂದ ದಾರಿಗಿಂತ ಎಷ್ಟೋ ಚೆನ್ನಾಗಿತ್ತು. ಅದು ಕುರಿಗಳ ದಾರಿ. ಹಸಿ ಹಿಕ್ಕೆ ಬಿದ್ದಿತ್ತು, ಜೂನಿಪರ್ ಪೊದೆಗೆ ಉಣ್ಣೆ ಸಿಕ್ಕಿಕೊಂಡಿತ್ತು, ಅದನ್ನೆಲ್ಲ ನೋಡಿಯೂ ಅದೇ ದಾರಿ ಹಿಡಿದೆ. ಹದಿನೈದು ನಿಮಿಷ ಆದ ಮೇಲೆ ಕಪ್ಪಗೆ ನೀರು ಜಿನುಗುತ್ತಿದ್ದ ಒಂದು ಹಾಸುಬಂಡೆ ಬಂತು. ಅದರಾಚೆ ಬರ್ಚ್ ಮರಗಳ ತುದಿ ಮಾತ್ರ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. ತುದಿ ಕಂಡು ಬುಡ ಕಾಣಲಿಲ್ಲ ಅಂದರೆ ನಡುವೆ ಪ್ರಪಾತ ಇದೆ ಅಂತ ಅರ್ಥ, ಅಲ್ವಾ? ಕೈಕಾಲು ನಡುಗುತ್ತಿತ್ತು. ಕೂತು ಒಂದು ಬಾಳೆಹಣ್ಣು ತಿಂದೆ. ಆಮೇಲೆ ಬಂದ ದಾರಿಯಲ್ಲೇ ವಾಪಸ್ ಹತ್ತಿದೆ, ಮುಕ್ಕಾಲು ಗಂಟೆ ಹಿಡಿಯಿತು. ಅವತ್ತಿನಿಂದ ಹತ್ತುವಾಗ ಹತ್ತು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ ಫೋಟೋ ತೆಗೆಯುತ್ತೇನೆ, ಯಾಕೆಂದರೆ ಇಳಿಯುವಾಗ ಕಾಣುವುದು ಆ ನೋಟವೇ.

ನಕ್ಷೆ ಬಗ್ಗೆ ಒಂದು ಮಾತು. 1:50 000 ನಕ್ಷೆಯಲ್ಲಿ ಎತ್ತರದ ಗೆರೆಗಳು 20 ಮೀಟರ್‌ಗೆ ಒಂದರಂತೆ ಇರುತ್ತವೆ. ಎರಡು ಗೆರೆಗಳ ನಡುವೆ 15 ಮೀಟರ್ ಬಂಡೆ ಅಡಗಿದ್ದರೂ ಗೊತ್ತಾಗುವುದಿಲ್ಲ. ಇಳಿಜಾರನ್ನು ಬಣ್ಣದಲ್ಲಿ ತೋರಿಸುವ ನಕ್ಷೆಯನ್ನೂ ನೋಡಿಕೊಳ್ಳಿ. ಅದು ಹಿಮಕುಸಿತಕ್ಕೆಂದು ಮಾಡಿದ್ದು, ಆದರೂ ಬೇಸಿಗೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಸಮಯಕ್ಕೆ ನೇಸ್ಮಿತ್ ಲೆಕ್ಕ ಇದೆ: 5 ಕಿಲೋಮೀಟರ್‌ಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ದಾರಿ ಇಲ್ಲದ ಕಡೆ ನಾನು ಅದನ್ನು ದುಪ್ಪಟ್ಟು ಮಾಡುತ್ತೇನೆ. ಆಗಸ್ಟ್ ಕೊನೆಗೆ ಅಲ್ಲಿ ಜರಿಗಿಡ ಎದೆಮಟ್ಟ ಬೆಳೆದಿರುತ್ತದೆ, ಅಡಿಯಲ್ಲಿ ಕಲ್ಲಿದೆಯೋ ಹಳ್ಳ ಇದೆಯೋ ಕಾಣುವುದಿಲ್ಲ. ಒಂದು ಕೋಲು ಹಿಡಿದುಕೊಂಡು ಹೋಗಿ. ಹಿಂದಿನ ದಿನ ಮಳೆ ಬಂದಿದ್ದರೆ ಇನ್ನೊಂದು ವಾರ ಮುಂದೂಡಿ.

ಕೊಪ್ಪದವ:

ಬೇಜಾರು ಮಾಡ್ಕೋಬೇಡಿ, ನನಗೆ ಇದು ಸರಿ ಕಾಣುತ್ತಿಲ್ಲ. ಗುರುತಿಲ್ಲದ, ಜನ ಓಡಾಡದ ಬೆಟ್ಟಕ್ಕೆ ಮೊದಲನೇ ಸಲ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಕಾಲು ಉಳುಕಿದರೂ ಸಾಕು, ಅಲ್ಲಿ ನಿಮ್ಮ ಕೂಗು ಯಾರಿಗೂ ಕೇಳುವುದಿಲ್ಲ. ಒಬ್ಬರೇ ಹೋಗಬೇಡಿ ಅಂತ ನಾರ್ವೆಯವರ ಬೆಟ್ಟದ ನಿಯಮಗಳಲ್ಲೇ ಇದೆ ಅಂತ ಓದಿದ್ದೇನೆ.

ಒದ್ದೆಬಂಡೆ:

ಇತ್ತು, ನಿಜ. ಆ ಒಂಬತ್ತು ನಿಯಮಗಳನ್ನು 2016ರಲ್ಲಿ ಹೊಸದಾಗಿ ಬರೆದಾಗ ಅದನ್ನು ತೆಗೆದರು. ‘ಸಮಯ ಇರುವಾಗಲೇ ಹಿಂತಿರುಗಿ, ಅದರಲ್ಲಿ ನಾಚಿಕೆ ಇಲ್ಲ’ ಅನ್ನುವುದು ಈಗಲೂ ಇದೆ. ಆದರೂ ನಿಮ್ಮ ಕಾಳಜಿ ನ್ಯಾಯವಾದದ್ದೇ. ಒಬ್ಬರೇ ಹೋಗುವವರು ಬಂಡೆ ಮೇಲೆ ಕೈ ಊರಿ ಹತ್ತಬೇಕಾದ ಜಾಗದಲ್ಲೇ ನಿಂತು, ಇದನ್ನು ಇಳಿಯೋಕೆ ಆಗುತ್ತಾ ಅಂತ ಕೇಳಿಕೊಳ್ಳಬೇಕು. ಅನುಮಾನ ಬಂದರೆ ಅಲ್ಲಿಂದಲೇ ವಾಪಸ್.

ಉತ್ತರದಿಕ್ಕು:

ಯಾವ ಕಡೆಯಿಂದ ಹತ್ತುತ್ತೀರಿ, ಎಷ್ಟು ಗಂಟೆಗೆ ಫೋನ್ ಮಾಡುತ್ತೀರಿ ಅಂತ ಆ ಸಹೋದ್ಯೋಗಿಗೆ ಬರೆದು ಕೊಡಿ. ಇಂಥ ಗಂಟೆಯೊಳಗೆ ಫೋನ್ ಬರದಿದ್ದರೆ ಪೊಲೀಸರಿಗೆ, ಅಂದರೆ 112ಕ್ಕೆ, ಹೇಳು ಅಂತಲೂ ತಿಳಿಸಿ. ಆಂಬುಲೆನ್ಸ್‌ಗೆ 113. ಹೆಲ್ಪ್ 113 ಅನ್ನುವ ಆ್ಯಪ್ ಹಾಕಿಕೊಂಡು ಅದರಿಂದಲೇ ಕರೆ ಮಾಡಿದರೆ ನೀವಿರುವ ಜಾಗ ಅವರಿಗೆ ತಾನಾಗಿಯೇ ಹೋಗುತ್ತದೆ. ಬೆಟ್ಟದಿಂದ ಕರೆತರಲು ಇಲ್ಲಿ ದುಡ್ಡು ಕೇಳುವುದಿಲ್ಲ, ಅದಕ್ಕಾಗಿ ಹಿಂಜರಿಯಬೇಡಿ.

ಬರ್ಗನ್_ಮಳೆ:

ಹೋಗಿ ಬಂದೆ! ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಾರಿ ನಿಂತ ಮೇಲೆ ಒಂದು ಗಂಟೆ ಜರಿಗಿಡದಲ್ಲೇ ಒದ್ದಾಡಿದೆ, ಮೂರು ಕಡೆ ಜಿಂಕೆ ಹಾದಿಯನ್ನೇ ದಾರಿ ಅಂದುಕೊಂಡು ವಾಪಸ್ ಬಂದೆ. ಕೊಪ್ಪದವರ ಮಾತು ತಲೆಯಲ್ಲಿತ್ತು, ಹಾಗಾಗಿ ನೇರ ಬಂಡೆ ಬಿಟ್ಟು ಬಳಸಿಕೊಂಡು ಹತ್ತಿದೆ. ತುದಿಯಲ್ಲಿ ಕಲ್ಲುಗುಪ್ಪೆ, ಅದರೊಳಗೆ ಒಂದು ತಗಡಿನ ಡಬ್ಬ, ಡಬ್ಬದಲ್ಲಿ ನೋಟ್‌ಬುಕ್ ಮತ್ತು ಮೋಟು ಪೆನ್ಸಿಲ್. ನನ್ನ ಮುಂಚೆ ಹೆಸರು ಬರೆದವರು ಬಂದು ಹತ್ತೊಂಬತ್ತು ದಿನ ಆಗಿತ್ತು. ಕೆಳಗೆ ಫ್ಯೋರ್ಡ್‌ನಲ್ಲಿ ಒಂದು ದೋಣಿ ಹೋಗುತ್ತಿತ್ತು, ಸದ್ದು ಮೇಲೆ ಬರುತ್ತಿರಲಿಲ್ಲ. ಒಂದು ಗಂಟೆ ಸುಮ್ನೆ ಕೂತು ಬ್ಲೂಬೆರಿ ತಿಂದೆ. ಇಳಿಯುವಾಗ ಹಿಂತಿರುಗಿ ತೆಗೆದ ಫೋಟೋಗಳೇ ಎರಡು ಕಡೆ ದಾರಿ ತೋರಿಸಿದವು.

ಈಗ ಇನ್ನೊಂದು ಪ್ರಶ್ನೆ. ಮನೆಗೆ ಬಂದು ನೋಡಿದರೆ ಮೊಣಕಾಲ ಹಿಂದೆ ಎಳ್ಳಿನಷ್ಟು ದೊಡ್ಡ ಉಣುಗು ಕಚ್ಚಿಕೊಂಡಿದೆ. ಎಣ್ಣೆ ಹಚ್ಚಲಾ?

ಕೊಪ್ಪದವ:

ಎಣ್ಣೆ ಬೇಡ, ಬೆಂಕಿನೂ ಬೇಡ. ಸಣ್ಣ ಮೂತಿಯ ಚಿಮಟದಲ್ಲಿ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನಿಧಾನಕ್ಕೆ ನೇರ ಎಳೆಯಿರಿ, ಹೊಟ್ಟೆ ಹಿಚುಕಬೇಡಿ. ಆಮೇಲೆ ಸೋಪು ಹಾಕಿ ತೊಳೆಯಿರಿ. ನಮ್ಮ ಕಡೆ ಉಣುಗು ಅಂದರೆ ಮಂಗನ ಕಾಯಿಲೆಯ ಭಯ, ಹಾಗಾಗಿ ಇದು ನಮಗೆ ಚೆನ್ನಾಗಿ ಗೊತ್ತು.

ಉತ್ತರದಿಕ್ಕು:

ಇಲ್ಲಿ ಭಯ ಬೊರೇಲಿಯಾ ಅನ್ನುವ ಬ್ಯಾಕ್ಟೀರಿಯಾದ್ದು. ಕಚ್ಚಿದ ತಾರೀಕು ಬರೆದಿಡಿ, ಒಂದು ತಿಂಗಳು ಆ ಜಾಗ ನೋಡುತ್ತಿರಿ. ಕೆಂಪು ಉಂಗುರದ ಥರ ಹರಡುತ್ತಾ ಹೋದರೆ ಡಾಕ್ಟರ್‌ಗೆ ತೋರಿಸಿ, ಆ್ಯಂಟಿಬಯೋಟಿಕ್ ಕೊಡುತ್ತಾರೆ. ಇನ್ನೊಂದು ಕಾಲನ್ನೂ ನೋಡಿಕೊಳ್ಳಿ, ಜರಿಗಿಡದಲ್ಲಿ ಓಡಾಡಿದ್ದೀರಿ, ಒಂದೇ ಹತ್ತಿರಲಿಕ್ಕಿಲ್ಲ.