ಪದಚರ್ಚೆ: ಕಮಾನು ಸೇತುವೆಯ ‘ಸ್ಕೌರ್’ಗೆ ‘ಬುಡಕೊರೆತ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಕಲ್ಲು ಕಮಾನು ಸೇತುವೆಗಳ ತಪಾಸಣೆ, ದುರಸ್ತಿ ಕುರಿತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಮುಖ್ಯವಾದದ್ದು ‘ಸ್ಕೌರ್’. ಹೊಳೆ ತುಂಬಿ ಹರಿಯುವಾಗ ನೀರು ಕಂಬದ ಬುಡದಲ್ಲಿ ಸುಳಿಯೆದ್ದು, ಅಡಿಪಾಯದ ಸುತ್ತಲಿನ ಮರಳು ಮಣ್ಣನ್ನು ಬಗೆದು ಒಯ್ಯುತ್ತದಲ್ಲ, ಅದು. ‘ಸವೆತ’ ಎಂದರೆ ಕಲ್ಲಿನ ಮೈ ಸವೆಯುವುದು ನೆನಪಿಗೆ ಬರುತ್ತದೆ. ‘ಸವಕಳಿ’ ಹೊಲದ ಮಣ್ಣಿಗೆ ಅಂಟಿಕೊಂಡ ಮಾತು. ಕರಾವಳಿಯವರ ‘ಕಡಲ್ಕೊರೆತ’ ಎಲ್ಲರಿಗೂ ಗೊತ್ತಿರುವುದರಿಂದ, ಅದರ ಜಾಡಿನಲ್ಲೇ ‘ಬುಡಕೊರೆತ’ ಎಂದು ಬರೆದಿದ್ದೇನೆ.

ಈ ಪದ ಸ್ಪಷ್ಟವಾಗಿರಲೇಬೇಕು. ನೆರೆ ಇಳಿಯುವಾಗ ಕೊರೆದ ಗುಂಡಿಯಲ್ಲಿ ಹೂಳು ಮತ್ತೆ ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಕಮಾನುಗಳೋ ಒಂದಕ್ಕೊಂದು ಒತ್ತುಕೊಟ್ಟು ನಿಂತವು, ನಡುವಿನ ಒಂದು ಕಂಬ ಕುಸಿದರೆ ಅಕ್ಕಪಕ್ಕದವೂ ಹೋಗಬಹುದು. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಬಳಿ, ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಮಾನು ಸೇತುವೆ ನೆರೆಯಲ್ಲಿ ಕುಸಿದು ಎರಡು ಸಾರಿಗೆ ಬಸ್ಸುಗಳು ಕೊಚ್ಚಿಹೋದವು. ಆ ಮೇ ತಿಂಗಳಲ್ಲಷ್ಟೇ ತಪಾಸಣೆ ಆಗಿತ್ತು ಎಂದು ಸರ್ಕಾರ ಹೇಳಿತ್ತು. ಆದ್ದರಿಂದ ‘ಬುಡಕೊರೆತ ನೋಡಿದ್ದೀರಾ?’ ಎಂಬ ಪ್ರಶ್ನೆ ತಪಾಸಣೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರಬೇಕು, ಓದಿದೊಡನೆ ಅರ್ಥವಾಗಬೇಕು ಎಂಬುದು ನನ್ನ ಹಟ.

ಇನ್ನು ಕಮಾನಿನ ಅಂಗಗಳು. ಮೇಲ್ತುದಿಗೆ ‘ನೆತ್ತಿ’, ನೆತ್ತಿಯಿಂದ ಇಳಿಯುವ ಎರಡು ಬದಿಗೆ ‘ಹೆಗಲು’, ಕಮಾನು ಕಟ್ಟುವ ಬೆಣೆಯಾಕಾರದ ಕಲ್ಲುಗಳಿಗೆ ‘ಕಮಾನುಗಲ್ಲು’ ಎಂದಿದ್ದೇನೆ. ‘ಹೆಗಲು’ ನನಗೆ ಬಹಳ ಒಪ್ಪಿಗೆಯಾಗಿದೆ. ವೇಲ್ಸಿನ ಪಾಂಟಿಪ್ರಿಡ್‌ನಲ್ಲಿ ವಿಲಿಯಂ ಎಡ್ವರ್ಡ್ಸ್ ಕಟ್ಟಿದ ಕಮಾನು ಹೆಗಲಿನ ಭಾರಕ್ಕೆ ನೆತ್ತಿ ಮೇಲೆದ್ದು ಬಿದ್ದುಹೋಯಿತು. 1756ರಲ್ಲಿ ಪ್ರತಿ ಹೆಗಲಿನಲ್ಲೂ ಮೂರು ದುಂಡು ಕಂಡಿ ಬಿಟ್ಟು ಭಾರ ಇಳಿಸಿದ ಮೇಲೆ ನಿಂತಿತು, ಇಂದಿಗೂ ಇದೆ. ಇಷ್ಟನ್ನೂ ಈ ಎರಡು ಪದಗಳಲ್ಲೇ ಹೇಳಬಹುದು.

ಹೆಗಲ ಮೇಲಿನ ಪಕ್ಕಗೋಡೆ ಒಳಗಿನ ಮಣ್ಣಿನ ಒತ್ತಡಕ್ಕೆ ಹೊರಕ್ಕೆ ಉಬ್ಬುವುದಕ್ಕೆ ‘ಗೋಡೆ ಹೊಟ್ಟೆ ಬಿಟ್ಟಿದೆ’ ಎಂದೇ ಬರೆಯಲೇ? ಪಠ್ಯಕ್ಕೆ ಹಗುರವಾಗುತ್ತದೆ ಎಂದು ಕೆಲವರು ಹೇಳಿಯಾರು. ನನಗೆ ಹಾಗನ್ನಿಸುವುದಿಲ್ಲ.

ಕೊನೆಯದು ‘ರಿಪಾಯಿಂಟಿಂಗ್’: ಕಲ್ಲುಗಳ ನಡುವೆ ಉದುರಿದ ಗಾರೆ ಕೆರೆದು ಹೊಸದು ತುಂಬುವುದು. ಇಲ್ಲಿ ಸಿಮೆಂಟ್ ಸಲ್ಲದು, ಒಳಗಿನ ತೇವ ಹೊರಬರಲಾಗದೆ ಕಲ್ಲಿನ ಅಂಚೇ ಸಿಡಿಯುತ್ತದೆ. ಸುಣ್ಣದ ಗಾರೆಯೇ ಬೇಕು. ‘ಸಂದುಗಾರೆ’ ಎಂದರೆ ವಸ್ತುವಾಯಿತು, ಕೆಲಸಕ್ಕೆ ಏನೆನ್ನುವುದು? ಕಲ್ಲುಕುಟಿಗರ, ಗಾರೆ ಕೆಲಸದವರ ಮನೆತನದವರು ಇಲ್ಲಿದ್ದರೆ, ನಿಮ್ಮ ಹಿರಿಯರ ಬಾಯಲ್ಲಿ ಕೇಳಿದ ಮಾತನ್ನು ಊರಿನ ಹೆಸರಿನೊಂದಿಗೆ ದಯವಿಟ್ಟು ತಿಳಿಸಿ.