ಓಪನ್ ವಾಟರ್ ಮುಗೀತು, ಮುಂದಿನ ಕೋರ್ಸ್ ಯಾವ ಏಜೆನ್ಸಿಯಲ್ಲಿ?

ಕಡಲಂಚು:
ಎಲ್ಲರಿಗೂ ನಮಸ್ಕಾರ. ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಪ್ಯಾಡಿ ಅನ್ನೋ ಏಜೆನ್ಸಿಯ ಓಪನ್ ವಾಟರ್ (ಸ್ಕೂಬಾ ಡೈವಿಂಗ್‌ನ ಮೊದಲ ಕೋರ್ಸ್) ಆಗಿದೆ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ್ದೂ ಸೇರಿ ಲಾಗ್‌ಬುಕ್‌ನಲ್ಲಿ 14 ಡೈವ್ ಇವೆ. ಮುಂದೆ ಅಡ್ವಾನ್ಸ್ಡ್, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚು, ನೈಟ್ರೋಜನ್ ಕಡಿಮೆ ಇರೋ ಗಾಳಿ), ರೆಸ್ಕ್ಯೂ ಕೋರ್ಸ್ ಮಾಡ್ಬೇಕು. ಎರಡು ಮೂರು ವರ್ಷದಲ್ಲಿ ಕೆಂಪು ಸಮುದ್ರದ ಲಿವ್‌ಅಬೋರ್ಡ್ (ಬೋಟಲ್ಲೇ ಉಳಿದು ಡೈವ್ ಮಾಡೋ ಪ್ರವಾಸ), ಸಾಧ್ಯವಾದರೆ ಆಮೇಲೆ ಟೆಕ್ನಿಕಲ್ ಡೈವಿಂಗ್ (ಹಂತಹಂತವಾಗಿ ನಿಂತೇ ಮೇಲೆ ಬರಬೇಕಾದ ಡೈವಿಂಗ್). ಬೆಂಗಳೂರಲ್ಲಿ ಒಬ್ಬರು ಎಸ್‌ಎಸ್‌ಐ ಏಜೆನ್ಸಿಯ ಕೋರ್ಸ್ ಕಲಿಸ್ತಾರೆ, ಇನ್ನೊಬ್ಬರು ಎಸ್‌ಡಿಐ ಏಜೆನ್ಸಿಯದ್ದು. ಏಜೆನ್ಸಿ ಬದಲಿಸಿದರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾ?

ಹವಳದಿಬ್ಬ:
ಬೇಡ. ಈ ಮೂರೂ ಏಜೆನ್ಸಿಗಳು ಓಪನ್ ವಾಟರ್ ಮಟ್ಟದಲ್ಲಿ ಒಂದರ ಕಾರ್ಡನ್ನು ಇನ್ನೊಂದು ಒಪ್ಪುತ್ತವೆ. ಪ್ಯಾಡಿ ಕಾರ್ಡ್ ತೋರಿಸಿ ಎಸ್‌ಎಸ್‌ಐನಲ್ಲಿ ನೈಟ್ರಾಕ್ಸ್, ಪ್ಯಾಡಿ ಅಡ್ವಾನ್ಸ್ಡ್ ಆದಮೇಲೆ ಎಸ್‌ಡಿಐನಲ್ಲಿ ರೆಸ್ಕ್ಯೂ ಮಾಡಬಹುದು. ಕ್ರಾಸ್‌ಓವರ್ (ಏಜೆನ್ಸಿ ಬದಲಿಸೋ ಪ್ರಕ್ರಿಯೆ) ತಲೆನೋವು ಇರೋದು ಇನ್‌ಸ್ಟ್ರಕ್ಟರ್ ಆಗುವವರಿಗೆ.

ಆದರೆ ‘ಅಡ್ವಾನ್ಸ್ಡ್’ ಅನ್ನೋ ಪದ ಎಲ್ಲ ಕಡೆ ಒಂದೇ ಅಲ್ಲ, ಅಲ್ಲಿ ಎಚ್ಚರ. ಪ್ಯಾಡಿಯಲ್ಲಿ ಅದು 5 ಡೈವ್‌ಗಳ ಕೋರ್ಸ್: ಡೀಪ್ ಮತ್ತು ನ್ಯಾವಿಗೇಷನ್ ಕಡ್ಡಾಯ, ಉಳಿದ ಮೂರು ನಿಮ್ಮ ಆಯ್ಕೆ, ಮುಗಿದರೆ 30 ಮೀಟರ್‌ವರೆಗೆ. ಎಸ್‌ಎಸ್‌ಐನಲ್ಲಿ ಇದಕ್ಕೆ ಸಮ ಅಂದ್ರೆ ಅಡ್ವಾನ್ಸ್ಡ್ ಅಡ್ವೆಂಚರರ್. ಅವರ ಅಡ್ವಾನ್ಸ್ಡ್ ಓಪನ್ ವಾಟರ್ ಡೈವರ್ ಬೇಕಾದರೆ 4 ಸ್ಪೆಷಾಲಿಟಿ (ಒಂದೊಂದು ವಿಷಯದ ಪ್ರತ್ಯೇಕ ಕೋರ್ಸ್) ಪೂರ್ತಿ ಮುಗಿಸಿ, 24 ಡೈವ್ ಲಾಗ್ ಆಗಿರಬೇಕು. ಎಸ್‌ಡಿಐ ಅಡ್ವಾನ್ಸ್ಡ್ ಡೈವರ್‌ಗೂ 4 ಸ್ಪೆಷಾಲಿಟಿ, 25 ಡೈವ್. ಹಾಗಾಗಿ ಇಬ್ಬರು ಹೇಳಿದ ಫೀಸ್ ಪಕ್ಕಪಕ್ಕ ಇಟ್ಟು ಯಾವುದು ಅಗ್ಗ ಅಂತ ನೋಡೋ ಮೊದಲು ಒಳಗೆ ಎಷ್ಟು ಡೈವ್ ಇವೆ ಅಂತ ಎಣಿಸಿ.

ಕೆಂಪು ಸಮುದ್ರದಲ್ಲಿ ದೂರದ ಬ್ರದರ್ಸ್ ದ್ವೀಪಗಳು, ಡೇಡಲಸ್ ಹವಳದಿಬ್ಬದ ಕಡೆ ಹೋಗೋ ಬೋಟ್‌ಗಳು 50 ಲಾಗ್ಡ್ ಡೈವ್ ಕೇಳುತ್ತವೆ. ಅಲ್ಲಿ ಕಾರ್ಡ್ ಮೇಲಿನ ಲೋಗೋ ಯಾರಿಗೂ ಬೇಕಿಲ್ಲ.

ಏಜೆನ್ಸಿ ನಿಜವಾಗಿ ಅಡ್ಡ ಬರೋದು ಅರ್ಧಕ್ಕೆ ನಿಂತ ಕೋರ್ಸ್‌ನಲ್ಲಿ. ಥಿಯರಿ, ಪೂಲ್ ಬೆಂಗಳೂರಲ್ಲಿ ಮಾಡಿ ಸಮುದ್ರಕ್ಕೆ ಮುರುಡೇಶ್ವರಕ್ಕೆ ಹೋಗೋ ಯೋಚನೆ ಇದ್ರೆ, ಮಳೆಗಾಲದಲ್ಲಿ ನೇತ್ರಾಣಿ ಬಂದ್. ಉಳಿದದ್ದನ್ನು ಅದೇ ಏಜೆನ್ಸಿಯ ಬೇರೆ ಸೆಂಟರ್‌ನಲ್ಲಿ ಮುಗಿಸಬೇಕಾಗುತ್ತೆ. ಆಗಿರೋ ಭಾಗದ ಟ್ರೈನಿಂಗ್ ರೆಕಾರ್ಡ್‌ಗೆ ಆವತ್ತೇ ಇನ್‌ಸ್ಟ್ರಕ್ಟರ್ ಸಹಿ ಹಾಕಿಸಿಕೊಳ್ಳಿ. ಇನ್ನೊಂದು ವಿಷಯ: ಪ್ಯಾಡಿ ಇನ್‌ಸ್ಟ್ರಕ್ಟರ್ ಸ್ವತಂತ್ರವಾಗಿ ಕಲಿಸಬಹುದು, ಎಸ್‌ಎಸ್‌ಐನವರು ಸೆಂಟರ್ ಮೂಲಕವೇ ಕಲಿಸಬೇಕು.

ಟ್ವಿನ್‌ಸೆಟ್:
ಟೆಕ್ನಿಕಲ್ ಮನಸ್ಸಲ್ಲಿದ್ರೆ ಎಸ್‌ಡಿಐ ಕಡೆ ವಾಲಬಹುದು, ಅದರ ಅಣ್ಣ ಟಿಡಿಐ, ಟೆಕ್ನಿಕಲ್ ಕಲಿಸೋ ಏಜೆನ್ಸಿ. ಅಡ್ವಾನ್ಸ್ಡ್ ನೈಟ್ರಾಕ್ಸ್, ಆಮೇಲೆ 45 ಮೀಟರ್‌ವರೆಗಿನ ಡಿಕಂಪ್ರೆಷನ್ ಪ್ರೊಸೀಜರ್ಸ್ (ನಿಂತು ನಿಂತು ಮೇಲೆ ಬರೋದನ್ನ ಕಲಿಸೋ ಕೋರ್ಸ್), ಹೀಗೆ ದಾರಿ ನೇರ. ಜಿಯುಇ ಅನ್ನೋ ಇನ್ನೊಂದು ಏಜೆನ್ಸಿಯ ಫಂಡಮೆಂಟಲ್ಸ್ ಕೋರ್ಸ್ ಅಂತೂ ಟೆಕ್ ಬೇಡ ಅನ್ನೋರಿಗೂ ಲಾಭವೇ: ಬ್ಯಾಕ್‌ಪ್ಲೇಟ್ (ಸಿಲಿಂಡರ್ ಕಟ್ಟೋ ಬೆನ್ನಿನ ತಟ್ಟೆ), ಉಸಿರಾಟದ ಉದ್ದನೆ ಹೋಸ್, ಮೈ ಅಡ್ಡಡ್ಡ ಸಮವಾಗಿ ನಿಲ್ಲೋದು, ಇದನ್ನೇ ತಿದ್ದಿ ತಿದ್ದಿ ಕಲಿಸ್ತಾರೆ.

ಆದರೂ ಮೊದಲು ನೋಡಬೇಕಾದ್ದು ಇನ್‌ಸ್ಟ್ರಕ್ಟರನ್ನ. ಒಂದೇ ಪ್ರಶ್ನೆ ಕೇಳಿ: “30 ಮೀಟರ್‌ನಲ್ಲಿ ಜೊತೆಗಾರನ ಗಾಳಿ ಖಾಲಿಯಾದರೆ ಇಬ್ಬರೂ ಮೇಲೆ ಬರೋಕೆ ನನ್ನ ಸಿಲಿಂಡರಲ್ಲಿ ಎಷ್ಟು ಬಾರ್ (ಒತ್ತಡದ ಅಳತೆ) ಉಳಿದಿರಬೇಕು?” ಪೆನ್ನು ಹಿಡಿದು ಲೆಕ್ಕ ಹಾಕೋರು ಸರಿಯಾದವರು. ಲೆಕ್ಕ ಇಷ್ಟೇ. ಗಾಬರಿಯಲ್ಲಿ ಒಬ್ಬೊಬ್ಬರಿಗೆ ನಿಮಿಷಕ್ಕೆ 30 ಲೀಟರ್ ಅಂದ್ರೆ ಇಬ್ಬರಿಗೆ 60. ತಳದಲ್ಲಿ 1 ನಿಮಿಷ, ಒತ್ತಡ 4 ಬಾರ್: 240 ಲೀಟರ್. ನಿಮಿಷಕ್ಕೆ 10 ಮೀಟರ್‌ನಂತೆ 3 ನಿಮಿಷ ಏರೋದು, ಸರಾಸರಿ 2.5 ಬಾರ್: 450. 5 ಮೀಟರ್‌ನಲ್ಲಿ 3 ನಿಮಿಷ ಸೇಫ್ಟಿ ಸ್ಟಾಪ್ (ಮೇಲೆ ಬರೋ ಮುಂಚೆ ನಿಲ್ಲೋದು), 1.5 ಬಾರ್: 270. ಒಟ್ಟು 960. ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರ್ 11.1 ಲೀಟರ್, ಅದರಿಂದ ಭಾಗಿಸಿದ್ರೆ ಸುಮಾರು 87, ಗೇಜ್ ಓದೋಕೆ 90 ಬಾರ್. “50ಕ್ಕೆ ಬಂದಾಗ ಹೇಳಿ, ಮೇಲೆ ಹೋಗೋಣ” ಅನ್ನೋದು 12 ಮೀಟರ್ ಹವಳಕ್ಕೆ ಸರಿ. 30ರಲ್ಲಿ ಆ 50 ಬಾರ್ ಬರೀ 555 ಲೀಟರ್, ಸೇಫ್ಟಿ ಸ್ಟಾಪ್ ಬಿಟ್ಟರೂ ಬೇಕಾಗೋದು 690. ಇದನ್ನ ಡೀಪ್ ಡೈವ್‌ಗೆ ಮುಂಚೆ ಹೇಳಿಕೊಡದ ಕೋರ್ಸ್‌ಗೆ ದುಡ್ಡು ಕೊಡಬೇಡಿ, ಯಾವ ಏಜೆನ್ಸಿಯಾದರೂ.

ಕಡಲಂಚು:
ತುಂಬಾ ಧನ್ಯವಾದ. ಆಯ್ಕೆಯ ಮೂರು ಡೈವ್ ಯಾವುದು ತಗೊಳ್ಳಲಿ? ಫೋಟೋಗ್ರಫಿ ಆಸೆ ಇದೆ. ನೈಟ್ರಾಕ್ಸ್ ಈಗಲೇ ಬೇಕಾ?

ಹವಳದಿಬ್ಬ:
ಬಾಯನ್ಸಿ (ನೀರಲ್ಲಿ ಮುಳುಗದೆ ತೇಲದೆ ನಿಲ್ಲೋದು) ಮೊದಲು, ಕ್ಯಾಮೆರಾ ಆಮೇಲೆ. ಕೈಯಲ್ಲಿ ಕ್ಯಾಮೆರಾ ಇದ್ದು ನಿಲ್ಲೋಕೆ ಬರದಿದ್ರೆ ಕಾಲಿನ ಫಿನ್ ಹೋಗಿ ಹವಳಕ್ಕೇ ಬಡಿಯುತ್ತೆ. 14 ಡೈವ್ ಆದವರಲ್ಲಿ ಸಾಮಾನ್ಯ ತಪ್ಪು ಮುಳುಗೋಕೆ ಕಟ್ಟೋ ಸೀಸದ ತೂಕ ಜಾಸ್ತಿ ಕಟ್ಟಿಕೊಳ್ಳೋದು. ಜಾಸ್ತಿ ಸೀಸಕ್ಕೆ ಬಿಸಿಡಿಗೆ (ಗಾಳಿ ತುಂಬೋ ಜಾಕೆಟ್) ಜಾಸ್ತಿ ಗಾಳಿ, ಮೇಲೆ ಬರ್ತಾ ಆ ಗಾಳಿ ಹಿಗ್ಗಿ 5 ಮೀಟರ್ ಸ್ಟಾಪ್‌ನಲ್ಲಿ ನಿಲ್ಲೋಕಾಗದೆ ಚಿಮ್ಮಿ ಹೋಗ್ತೀರಿ. ಪರೀಕ್ಷೆ: ಡೈವ್ ಕೊನೆಗೆ 50 ಬಾರ್ ಇರುವಾಗ ನೀರಿನ ಮೇಲೆ ನೆಟ್ಟಗೆ ನಿಂತು ಬಿಸಿಡಿ ಪೂರ್ತಿ ಖಾಲಿ ಮಾಡಿ, ಮಾಮೂಲಿ ಉಸಿರು ಹಿಡೀರಿ. ನೀರು ಕಣ್ಣಿನ ಮಟ್ಟಕ್ಕೆ ಬಂದರೆ ತೂಕ ಸರಿ. ತುಂಬಿದ ಸಿಲಿಂಡರಲ್ಲಿ ನೋಡಿದ್ರೆ 2 ಕಿಲೋ ಸೇರಿಸಿ, ಖರ್ಚಾಗೋ ಗಾಳಿಯ ತೂಕ ಸುಮಾರು ಅಷ್ಟು.

ನೈಟ್ರಾಕ್ಸ್ ಈಗಲೇ ಮಾಡಿ, ಲಿವ್‌ಅಬೋರ್ಡ್‌ನಲ್ಲಿ ದಿನಕ್ಕೆ ಮೂರು ನಾಲ್ಕು ಡೈವ್ ಇರುತ್ತೆ, ಆಗ ಮೈಗೆ ನೈಟ್ರೋಜನ್ ಕಡಿಮೆ ಸೇರಿದಷ್ಟೂ ಒಳ್ಳೇದು. ಆಮ್ಲಜನಕ ಅಳೆಯೋ ಅನಲೈಸರ್ ನಿಮ್ಮ ಕೈಯಲ್ಲೇ ಹಿಡಿದು ನೋಡಿ: ಮೊದಲು ಬರೀ ಗಾಳಿಗೆ 20.9ಕ್ಕೆ ಹೊಂದಿಸಿ, ಆಮೇಲೆ ವಾಲ್ವ್ ಸ್ವಲ್ಪವೇ ತೆರೆದು ಅಂಕಿ ಅಲುಗಾಡದೆ ನಿಲ್ಲೋವರೆಗೆ ಕಾಯಿರಿ. ಜೋರಾಗಿ ಬಿಟ್ಟರೆ ರೀಡಿಂಗ್ ತಪ್ಪುತ್ತೆ. ಶೇಕಡಾ 32 ಬಂದರೆ, ಆಮ್ಲಜನಕದ ಒತ್ತಡ 1.4 ಬಾರ್ ಮೀರಬಾರದು ಅನ್ನೋ ಮಿತಿಗೆ ಆಳ 33 ಮೀಟರ್, 36 ಬಂದರೆ 28. ಶೇಕಡಾ, ಆಳ ಎರಡನ್ನೂ ಟೇಪ್ ಮೇಲೆ ಬರೆದು ಸಿಲಿಂಡರಿಗೆ ಅಂಟಿಸಿ, ಕೈಗೆ ಕಟ್ಟೋ ಡೈವ್ ಕಂಪ್ಯೂಟರಲ್ಲೂ ಅದೇ ಶೇಕಡಾ ಹಾಕಿ. ಕಂಪ್ಯೂಟರ್ ಹಿಂದಿನ ಡೈವ್‌ನ 21ರಲ್ಲೇ ಉಳಿದಿರೋದು ಬೋಟಲ್ಲಿ ದಿನಾ ಕಾಣೋ ತಪ್ಪು. ಹಾಗಾದ್ರೆ ಆಮ್ಲಜನಕದ ಆಳ ಮೀರಿದ್ರೂ ಅದು ಕೂಗಿ ಎಚ್ಚರಿಸಲ್ಲ.